ಫೋನಿನಲ್ಲಿ ಎಲ್ಲರೂ ಆರಾಮ

ವಿಜಾಪುರ ರಸ್ತೆ, ಸೋಲಾಪುರ
18 ಜೂನ್ 2023

ವೈನಿ, ನಿಮ್ಮ ಪಾದಗಳಿಗೆ ನಾದಿನಿಯ ನಮಸ್ಕಾರ.

ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಮೊನ್ನೆ ನೀವು ಫೋನ್ ಮಾಡಿದಾಗ "ಆರಾಮ ಇದ್ದೀನ್ರಿ ವೈನಿ" ಎಂದೆನಲ್ಲ, ಅದು ಸುಳ್ಳು. ಫೋನ್ ಕಿವಿಗಿಟ್ಟ ಕೂಡಲೇ ಆ ಮಾತು ತಾನಾಗಿ ಬಾಯಿಂದ ಬಿದ್ದುಬಿಡುತ್ತದೆ. ಅದರ ಮೇಲೆ ನಿಮ್ಮ ಫೋನಿನ ದನಿ ಅಂಗಳಕ್ಕೆಲ್ಲ ಕೇಳುತ್ತದೆ, ಪಕ್ಕದಲ್ಲಿ ಅಣ್ಣ ಕೂತಿರುತ್ತಾನೆ. ಸೂರಜನೊಡನೆ ಸಂಸಾರ ಮುರಿದು ಬಿಡುಗಡೆಯಾದ ಮೇಲೆ ತವರಿಗೆ ಬಾರದೆ ಇಲ್ಲೇ ಬಾಡಿಗೆಗೆ ಖೋಲಿ ಹಿಡಿದೆ ಎಂದು ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಅವನ ಕಿವಿಗೆ ಬೀಳುವಂತೆ ನಾನು ಅಳಲಾರೆ.

ಬೇಸಿಗೆಯಲ್ಲಿ ನಮ್ಮ ಕಾರಖಾನೆಗೆ ಶಾಲೆಯ ಯುನಿಫಾರ್ಮಿನ ಆರ್ಡರು ಮೈಮೇಲೆ ಬಂದಿದ್ದವು. ಒಂದು ಮಧ್ಯಾಹ್ನ ಕಾಲರು ಹೊಲಿಯುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈ ತಣ್ಣಗಾಯಿತು, ಉಸಿರು ಗಂಟಲಲ್ಲೇ ನಿಂತಿತು. ಸತ್ತೆ ಎಂದುಕೊಂಡೆ ವೈನಿ, ನಿಜವಾಗಿ. ಪಕ್ಕದ ಮಶೀನಿನ ರತ್ನಾಬಾಯಿ ರಿಕ್ಷಾದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದಳು. ಇಸಿಜಿ ತೆಗೆದರು. ಹೃದಯಕ್ಕೆ ಏನೂ ಆಗಿಲ್ಲ, ಗ್ಯಾಸ್ ಎಂದು ಮನೆಗೆ ಕಳಿಸಿದರು. ಆಮೇಲೆ ಅದು ಬಸ್ಸಿನಲ್ಲೂ ಬಂತು. ಸಂತೆಯಲ್ಲಿ ಬಂತು. ಈಗ ಬಸ್ಸು ಹತ್ತಲು ಕಾಲೇ ಏಳುವುದಿಲ್ಲ. ಕೆಲಸಕ್ಕೆ ಹೋಗುವ ದಿನಗಳಿಗಿಂತ ಹೋಗದ ದಿನಗಳೇ ಹೆಚ್ಚಾಗಿವೆ.

ಕೊನೆಗೆ ನಮ್ಮ ಓಣಿಯ ಸರಕಾರಿ ದವಾಖಾನೆಗೆ ಹೋದೆ. ಅಲ್ಲಿ ಸಾರಿಕಾ ಎಂಬ ಡಾಕ್ಟರಬಾಯಿ ಇದ್ದಾರೆ, ನನ್ನಷ್ಟೇ ವಯಸ್ಸು. ಕೊರಳಿನ ಯಂತ್ರ ತೆಗೆದಿಟ್ಟು ಮರಾಠಿಯಲ್ಲಿ ಕೇಳಿದರು, "ರಾತ್ರೀ ಜೇವತಾ ಕುಣಾಬರೋಬರ?" ರಾತ್ರಿ ಊಟಕ್ಕೆ ಜೊತೆಗೆ ಯಾರಿರುತ್ತಾರೆ ಎಂದು. ಅಷ್ಟೇ ಕೇಳಿದ್ದು. ನಾನು ಸರದಿಯಲ್ಲಿದ್ದವರಿಗೆಲ್ಲ ಕೇಳುವಂತೆ ಅತ್ತುಬಿಟ್ಟೆ.

ಇದು ಮನಸ್ಸಿನ ಕಾಯಿಲೆ, ಬಹಳ ಜನಕ್ಕೆ ಬರುತ್ತದೆ, ಇಲ್ಲೇ ವಾಸಿಯಾಗುತ್ತದೆ ಎಂದರು. ಗುಳಿಗೆ ಕೊಟ್ಟಿದ್ದಾರೆ. ಗುಣ ಕಾಣಲು ಕೆಲವು ವಾರ ಬೇಕಂತೆ. "ನಿಮ್ಮವರೊಳಗೆ ಒಬ್ಬರಿಗಾದರೂ ಇದು ಗೊತ್ತಿರಬೇಕು" ಎಂದೂ ಹೇಳಿದರು. ನನ್ನವರು ಎಂದರೆ ಯಾರು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ,
ಛಾಯಾ


ಹೊಲದ ವಸ್ತಿ, ಅಕ್ಕಲಕೋಟ ತಾಲೂಕು
9 ಜುಲೈ 2023

ನನ್ನ ಛಾಯಾ,

ಕನ್ನಡ ಬರೆದು ಎಷ್ಟು ಕಾಲವಾಯಿತೋ. ಒತ್ತಕ್ಷರ ತಪ್ಪಿದರೆ ನಗಬೇಡ. ನಮ್ಮ ಶುಭಂಗಂತೂ ಕನ್ನಡ ಮಾತೇ ಬರುತ್ತದೆ, ಅಕ್ಷರ ಬರುವುದಿಲ್ಲ. ಮರಾಠಿ ಸಾಲಿಗೆ ಹಾಕಿದವರು ನಾವೇ.

ನಿನ್ನ ಕಾಗದವನ್ನು ನಿಮ್ಮಣ್ಣನೇ ಊರಿನಿಂದ ತಂದರು. ಅಕ್ಷರ ಗುರುತು ಹಿಡಿದಿರಬೇಕು. ಒಡೆಯಲಿಲ್ಲ. ನನ್ನ ಕೈಗಿಟ್ಟು ದನಗಳ ಕಡೆ ಹೋದರು. ನಾನೂ ಹೇಳಿಲ್ಲ.

ನಾನು ಈ ಮನೆಗೆ ಬಂದಾಗ ನೀನು ಎರಡು ಜಡೆ ಹಾಕಿಕೊಂಡು ಸಾಲಿಗೆ ಹೋಗುವ ಹುಡುಗಿ. ಅಷ್ಟು ಮಾತಾಡುತ್ತಿದ್ದವಳಿಗೆ ಮನಸ್ಸಿನ ಕಾಯಿಲೆ ಎಂದರೆ ನನಗೆ ನಂಬಿಕೆಯೇ ಬರಲಿಲ್ಲ. ಆದರೂ ಡಾಕ್ಟರಬಾಯಿ ಹೇಳಿದಂತೆ ಮಾಡು. ಗುಳಿಗೆ ತಪ್ಪಿಸಬೇಡ. ಅಕ್ಕಲಕೋಟದ ಗುಡಿಯ ಅಂಗಾರ ಪುಡಿಕೆಯಲ್ಲಿ ಕಟ್ಟಿ ಇದರೊಳಗೆ ಇಟ್ಟಿದ್ದೇನೆ, ಹಣೆಗೆ ಹಚ್ಚಿಕೋ. ಎರಡೂ ಇರಲಿ. ಬೆಲ್ಲ, ಶೇಂಗಾ ತಿನ್ನು. ಒಬ್ಬಳೇ ಎಂದು ನಿನ್ನೆಯ ರೊಟ್ಟಿಯಲ್ಲೇ ಹೊತ್ತು ಕಳೆಯಬೇಡ.

ಇಲ್ಲಿ ಎಲ್ಲ ಛಲೋ. ಓಣಿಯ ಮನೆ ಬಿಟ್ಟು ಹೊಲದಲ್ಲಿ ಮನೆ ಕಟ್ಟಿಸಿದ ಮೇಲೆ ನಿಮ್ಮಣ್ಣನಿಗೆ ಕಬ್ಬು, ತೊಗರಿ ಎಲ್ಲ ಕಣ್ಣೆದುರೇ ಇರುತ್ತವೆ. ನನಗೆ ಮಾತ್ರ ಹಗಲು ಉದ್ದವಾಗಿದೆ. ಮುಂದಿನ ಹೊಲದ ಹಣಮವ್ವ ಎಂದಾದರೊಮ್ಮೆ ಬರುತ್ತಾಳೆ. ಶುಭಂ ಪುಣೆಯಿಂದ ಫೋನ್ ಮಾಡಿ "ಆಯಿ, ಜೇವಲೀಸ ಕಾ?" ಎನ್ನುತ್ತಾನೆ, ಉಂಡೆ ಎನ್ನುತ್ತೇನೆ. ಗರ್ಭಚೀಲದ ಆಪರೇಶನ್ ಆದಾಗಿನಿಂದ ಕೈಕಾಲು ಹರಿಯುವ ನೋವು ನಿಂತಿಲ್ಲ. ನಮ್ಮ ಆರೋಗ್ಯ ಕೇಂದ್ರದಲ್ಲಿ ನೋವಿನ ಗುಳಿಗೆ, ಕೆಂಪು ಟಾನಿಕ್ ಕೊಡುತ್ತಾರೆ, ಕುಡಿಯುತ್ತೇನೆ. ಬೇಗ ಎಚ್ಚರವಾದರೆ ಕೊಟ್ಟಿಗೆಯಲ್ಲಿ ಹೋಗಿ ಕೂಡುತ್ತೇನೆ. ದನಗಳು ಏನೂ ಕೇಳುವುದಿಲ್ಲ ನೋಡು, ಅದು ಛಲೋ.

ನನ್ನದು ಬಿಡು. ನಿನ್ನದು ಬರೆ.

ವೈನಿ
ಗುರುಬಾಯಿ


ಸೋಲಾಪುರ
3 ಸೆಪ್ಟೆಂಬರ್ 2023

ವೈನಿ, ಇದನ್ನು ಮುಂಚೆಯೇ ಬರೆಯಬೇಕಿತ್ತು. ನಡುವೆ ಒಂದು ದಡ್ಡತನ ಮಾಡಿ ಕೂತಿದ್ದೆ.

ಗುಳಿಗೆ ಶುರು ಮಾಡಿದಾಗ ಹೊಟ್ಟೆ ತೊಳೆಸುತ್ತಿತ್ತು, ಇನ್ನಷ್ಟು ಚಡಪಡಿಕೆ. ಮೊದಮೊದಲು ಹಾಗಾಗುತ್ತದೆ ಎಂದು ಡಾಕ್ಟರಬಾಯಿ ಹೇಳಿದ್ದರೂ ನಾನು ಬಿಟ್ಟುಬಿಟ್ಟೆ. ಕೆಳಗಿನ ಮನೆಯ ಶಾರದಾಬಾಯಿಯೂ "ಹುಚ್ಚರ ಗುಳಿಗಿ ತಿಂದು ಖರೇನ ಹುಚ್ಚಿ ಆಗ್ತಿ" ಎಂದು ಹೆದರಿಸಿದ್ದಳು. ಗುಳಿಗೆ ಬಿಟ್ಟ ಮೇಲೆ ಕದ ಹಾಕಿಕೊಂಡು ಬಿದ್ದುಕೊಂಡೆ. ತಲೆ ಬಾಚಲಿಲ್ಲ. ನೀರು ತುಂಬುವುದೂ ಬೇಡವೆನಿಸಿತು.

ಆಗ ದವಾಖಾನೆಯಿಂದ ಫೋನ್ ಬಂತು. ಸಾರಿಕಾ ಡಾಕ್ಟರೇ ಮಾಡಿದ್ದರು. "ನೀವು ಬರಲಿಲ್ಲ" ಎಂದರು. ಬೈಯಲಿಲ್ಲ. ನಾನು ಬರಲಿಲ್ಲ ಎಂಬುದನ್ನು ಈ ಊರಿನಲ್ಲಿ ಒಬ್ಬರು ಗಮನಿಸಿದರು ಎಂದು ಬಹಳ ಹೊತ್ತು ಫೋನ್ ಹಿಡಿದುಕೊಂಡೇ ಕೂತಿದ್ದೆ. ಮರುದಿನ ಹೋದೆ. ಕಡಿಮೆ ಪ್ರಮಾಣದಿಂದ ಮತ್ತೆ ಶುರು ಮಾಡಿದರು. ಎದೆ ಹೊಡೆದುಕೊಂಡಾಗ ಓಡಿಹೋಗದೆ ಅದು ತಾನಾಗಿ ಇಳಿಯುವ ತನಕ ಇದ್ದಲ್ಲೇ ಇರುವುದನ್ನು ಕಲಿಸಿದರು. ರತ್ನಾಬಾಯಿ ಬಸ್ಸಿನಲ್ಲಿ ನನ್ನ ಪಕ್ಕ ಕೂತು ತನ್ನ ಸೊಸೆಯ ಚಾಡಿ ಹೇಳುತ್ತ ಹೇಳುತ್ತ ಕಾರಖಾನೆಗಳಿರುವ ಎಂಐಡಿಸಿ ತನಕ ಕರೆದೊಯ್ದಳು. ಮಾಲಕರು ಮಶೀನು ಬೇರೆಯವರಿಗೆ ಕೊಟ್ಟಿರಲಿಲ್ಲ, ಅದೊಂದು ಪುಣ್ಯ. ಈಗ ಒಬ್ಬಳೇ ಹೋಗುತ್ತೇನೆ. ಬೆವರುತ್ತದೆ, ಆದರೂ ಹೋಗುತ್ತೇನೆ.

ನಿಮ್ಮ ಕಾಗದವನ್ನು ಬಹಳ ಸಲ ಓದಿದೆ. ಮೊದಲ ಸಲ ನನ್ನ ಬಗ್ಗೆ ಬರೆದದ್ದಷ್ಟೇ ಕಂಡಿತ್ತು. ಆಮೇಲೆ ಬೇರೆ ಸಾಲುಗಳು ಕಂಡವು. ಡಾಕ್ಟರಬಾಯಿ ನನ್ನನ್ನು ಕೇಳಿದ್ದನ್ನೇ ನಿಮ್ಮನ್ನು ಕೇಳುತ್ತೇನೆ. ನಿದ್ದೆ ಬರುತ್ತದೆಯೇ ವೈನಿ? ಉಂಡದ್ದು ರುಚಿ ಹತ್ತುತ್ತದೆಯೇ? ಕೊಟ್ಟಿಗೆಯಲ್ಲಿ ಕೂತು ಅಳುತ್ತೀರಾ?

ನಿಮ್ಮ ಛಾಯಾ


ಹೊಲದ ವಸ್ತಿ
11 ಅಕ್ಟೋಬರ್ 2023

ಛಾಯಾ,

ನಿನಗೆ ಗುಣವಾಗುತ್ತಿರುವುದು ಕೇಳಿ ಸಂತೋಷ.

ನನಗೇನಾಗಿದೆ? ಮನೆ ಇದೆ, ಹೊಲ ಇದೆ, ಮಗ ದುಡಿಯುತ್ತಾನೆ, ಗಂಡ ಕುಡಿಯುವವರಲ್ಲ, ಹೊಡೆಯುವವರಲ್ಲ. ಅಳಲು ಕಾರಣ ಬೇಡವೇ? ನಿನಗೆ ಕಾರಣವಿತ್ತು. ನನ್ನ ಬಗ್ಗೆ ಹಾಗೆಲ್ಲ ಕೇಳಬೇಡ, ಓದಿ ಸರಿ ಅನ್ನಿಸಲಿಲ್ಲ.

ಹೊಲದಲ್ಲಿ ಕೆಲಸ ಬಹಳ. ಸದ್ಯ ಕಾಗದ ಹಾಕಬೇಡ.

ಗುರುಬಾಯಿ


ಸೋಲಾಪುರ
17 ಡಿಸೆಂಬರ್ 2023

ವೈನಿ,

ಬೇಡವೆಂದಿರಿ, ಆದರೂ ಬರೆಯುತ್ತೇನೆ. ದೀಪಾವಳಿಗೆ ಫೋನ್ ಮಾಡಿದೆ. ನೀವು "ಆರಾಮ ಇದ್ದೀನವ್ವ" ಎಂದಿರಿ. ಆ ದನಿ ನನಗೆ ಗುರುತು ಸಿಕ್ಕಿತು. ಅದು ನನ್ನದೇ ದನಿ.

ಹಬ್ಬದ ದಿನ ನನ್ನ ಖೋಲಿಗೆ ಯಾರೂ ಬರಲಿಲ್ಲ. ಒಬ್ಬಳಿಗಾಗಿ ಕರ್ಚಿಕಾಯಿ ಕರಿಯಲು ಮನಸ್ಸಾಗದೆ ಅಂಗಡಿಯಿಂದ ತಂದೆ. ಸುತ್ತಲಿನ ಮನೆಗಳಲ್ಲಿ ಪಟಾಕಿ, ನಗು. ಬೇಸರವಾಯಿತು, ಸಹಜವಾದ ಬೇಸರ. ಮರುದಿನ ಎದ್ದು ಕೆಲಸಕ್ಕೆ ಹೋಗಲು ಬಂತು. ಗುಳಿಗೆಯಿಂದ ಖೋಲಿಗೆ ಜನ ಬರುವುದಿಲ್ಲ ವೈನಿ. ಆದರೆ ಜನ ಇಲ್ಲದ ಖೋಲಿಯಲ್ಲೂ ಎದ್ದು ಕೂಡುವಷ್ಟು ಬಲ ಬಂದಿದೆ.

ಕಾರಣ ಬೇಕೆಂದು ಬರೆದಿರಿ. ಜ್ವರ ಬಂದಾಗ ಕಾರಣ ಕೇಳುತ್ತೀರಾ? ನಾನು ಬರಲೇ? ಅಣ್ಣ ಮಾತಾಡದಿದ್ದರೂ ನಡೆದೀತು, ಅಂಗಳದಲ್ಲಿ ಕೂತು ನಿಮ್ಮ ಜೊತೆ ಚಹಾ ಕುಡಿದು ಬರುತ್ತೇನೆ. ಒಂದು ಸಾಲು ಬರೆಯಿರಿ.

ಛಾಯಾ


ಹೊಲದ ವಸ್ತಿ
22 ಜನವರಿ 2024

ಚಿ. ಛಾಯಾಗೆ ಅಣ್ಣಾರಾಯನ ಆಶೀರ್ವಾದ.

ಬರೆಯುವವನು ನಾನು. ನಿನ್ನ ವೈನಿಯ ಕೈಯಲ್ಲಿ ಈಗ ಪೆನ್ನು ಹಿಡಿಯುವ ತ್ರಾಣವಿಲ್ಲ.

ಸಂಕ್ರಾಂತಿಗೆ ಮೊದಲಿನಿಂದ ಅವಳು ಹಾಸಿಗೆ ಬಿಟ್ಟು ಏಳುವುದು ನಿಂತಿತ್ತು. ಥಂಡಿ ಹತ್ತಿರಬೇಕು ಎಂದುಕೊಂಡೆ. ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ರಕ್ತ ನೋಡಿದರು, ಸಕ್ಕರೆ ಸರಿ ಇದೆ, ಬಲಕ್ಕೆ ಗುಳಿಗೆ ಕೊಡುತ್ತೇವೆ ಎಂದರು. ಹಬ್ಬದ ಮರುದಿನ ಮಧ್ಯಾಹ್ನ ಉಣ್ಣಲು ಬಂದೆ, ಮನೆಯಲ್ಲಿ ಇರಲಿಲ್ಲ. ಹುಡುಕುತ್ತ ಹೋದೆ. ಬಾವಿಯ ದಂಡೆಯ ಮೇಲೆ ಒಳಗೆ ಕಾಲು ಬಿಟ್ಟುಕೊಂಡು ಕೂತಿದ್ದಳು.

"ಇಲ್ಲಿ ಏನ್ ಮಾಡಾಕತ್ತಿ?" ಎಂದೆ.

"ನೀರ ನೋಡಾಕತ್ತೀನ್ರಿ. ತಣ್ಣಗ ಅದ," ಎಂದಳು.

ಕೂಗಿದರೆ ಹೇಗೆ, ಹಿಡಿದೆಳೆದರೆ ಹೇಗೆ. ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತೆ. ಅವಳ ಸೆರಗನ್ನು ನನ್ನ ಕೈಗೆ ಸುತ್ತಿಕೊಂಡೆ. ಇಬ್ಬರೂ ಹಾಗೇ ಕೂತಿದ್ದೆವು. ದನಗಳು ನೀರಿಗಾಗಿ ಕೂಗಲು ಶುರು ಮಾಡಿದಾಗ ಅವಳೇ ಎದ್ದಳು. ಎದ್ದವಳು ಹೇಳಿದ್ದು ಒಂದೇ ಮಾತು: "ಛಾಯಾಗ ಬರೀರಿ."

ಆವತ್ತಿನಿಂದ ಹಣಮವ್ವನನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ನಾನೂ ಹೊಲಕ್ಕೆ ಹೋಗಿಲ್ಲ. ಶುಭಂಗೆ ಇನ್ನೂ ಹೇಳಿಲ್ಲ. ಫೋನ್ ಮಾಡಲು ಬಹಳ ಸಲ ಕೈಗೆತ್ತಿಕೊಂಡೆ. ಎರಡು ವರ್ಷದ ಮೇಲೆ ಮಾತು ಎಲ್ಲಿಂದ ಶುರು ಮಾಡುವುದು ಗೊತ್ತಾಗಲಿಲ್ಲ.

ಇದು ಮುಟ್ಟಿದ ಕೂಡಲೇ ಹೊರಟು ಬಾ. ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ಅಣ್ಣಾರಾಯ


ಸೋಲಾಪುರ
18 ಫೆಬ್ರುವರಿ 2024

ಅಣ್ಣ,

ಕೆಲಸಕ್ಕೆ ಹಾಜರಾದೆ. ನೀನು ಕಟ್ಟಿಕೊಟ್ಟ ಹಸಿ ಕಡಲೆ ರತ್ನಾಬಾಯಿಗೂ ಕೊಟ್ಟೆ.

ಆವತ್ತು ಅಕ್ಕಲಕೋಟದ ದವಾಖಾನೆಯಲ್ಲಿ ನೀನು ಹೊರಗೆ ಕಂಬಕ್ಕೆ ಒರಗಿ ನಿಂತಿದ್ದೆ. ಒಳಗೆ ಏನಾಯಿತು ಎಂದು ಆಮೇಲೂ ಕೇಳಲಿಲ್ಲ. ನಾನಿದ್ದಷ್ಟು ದಿನ ಹೇಳಬೇಕೆಂದು ಬಾಯಿ ತೆರೆದೆ, ನೀನು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದೆ. ಅದಕ್ಕೆ ಬರೆಯುತ್ತಿದ್ದೇನೆ.

ಡಾಕ್ಟರು ಮರಾಠಿಯಲ್ಲಿ ಏನಾಗುತ್ತದೆ ಎಂದು ಕೇಳಿದರು. ವೈನಿ ಕೈಕಾಲು, ಸೊಂಟ, ತಲೆ ಎಂದು ಹೇಳುತ್ತ ಹೋದರು. ನಾನು, "ಕನ್ನಡದಾಗ ಹೇಳ್ರಿ ವೈನಿ, ಅವರಿಗೆ ನಾ ತಿಳಿಸ್ತೀನಿ," ಎಂದೆ. ಆಗ ಹೇಳಿದರು, "ಮುಂಜಾನಿ ಎಚ್ಚರ ಆಗ್ತದಲ್ಲ, ಅದ ಬ್ಯಾಡಾಗೇದ." ನನಗೆ ಅದನ್ನು ಕೂಡಲೇ ಮರಾಠಿಗೆ ತಿರುಗಿಸಲು ಬರಲಿಲ್ಲ. ಡಾಕ್ಟರು ನನ್ನ ಮುಖ ನೋಡಿಯೇ ಕುರ್ಚಿ ಹತ್ತಿರ ಎಳೆದುಕೊಂಡರು. ಬಾವಿಯ ಮಾತನ್ನೂ ಕೇಳಿದರು. ವೈನಿ ಮುಚ್ಚಿಡಲಿಲ್ಲ.

ಆಪರೇಶನ್ ಆದಾಗಿನಿಂದ ಹೀಗೇ ಇತ್ತಂತೆ. ಅಷ್ಟು ವರ್ಷ ಒಳಗೇ ಬೆಳೆದದ್ದು ಇಳಿಯಲೂ ಕಾಲ ಬೇಕು ಎಂದರು ಡಾಕ್ಟರು. ನನ್ನದು ಬೇಗ ಕೈಗೆ ಸಿಕ್ಕಿತು, ವೈನಿಯದು ಹಾಗಲ್ಲ. ಸೋಲಾಪುರದ ಮನೋವೈದ್ಯರೂ ನೋಡಿ ಅದೇ ಮಾತು ಹೇಳಿದರು. ಇನ್ನು ಮುಂದೆ ಗುಳಿಗೆ ನಿಮ್ಮ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ.

ನೀನು ಮಾಡಬೇಕಾದದ್ದು ಇಷ್ಟು. ನಗುತ್ತಿದ್ದಾಳೆ, ವಾಸಿಯಾಯಿತು ಎಂದು ಗುಳಿಗೆ ನಿಲ್ಲಿಸಬೇಡ. "ಏನ್ ಕಮ್ಮಿ ಆಗೇದ ನಿನಗ" ಎನ್ನಬೇಡ. ಹಣಮವ್ವ ಬರುವುದು ತಪ್ಪಬಾರದು. ತಾಟು ತೆಗೆದುಕೊಂಡು ಹೊಲಕ್ಕೆ ಹೋಗದೆ ವೈನಿಯ ಜೊತೆ ಕೂತು ಉಣ್ಣು. ಮಾತಾಡಲು ಬರುವುದಿಲ್ಲವೆಂದರೆ ಸುಮ್ಮನೆ ಕೂಡು. ಬಾವಿಯ ಹತ್ತಿರ ಕೂತಿದ್ದೆಯಲ್ಲ, ಹಾಗೆ. ಅದಕ್ಕಿಂತ ಹೆಚ್ಚಿನದನ್ನು ಆವತ್ತು ಯಾರಿಂದಲೂ ಮಾಡಲಾಗುತ್ತಿರಲಿಲ್ಲ.

ಶುಭಂಗೆ ಹೇಳು. ಅವನ ತಾಯಿ ಅವರು.

ನಿನ್ನ ತಂಗಿ
ಛಾಯಾ


ಹೊಲದ ವಸ್ತಿ
28 ಏಪ್ರಿಲ್ 2024

ಛಾಯಾ,

ಬಹಳ ದಿನದ ಮೇಲೆ ಪೆನ್ನು ಹಿಡಿದೆ, ಅಕ್ಷರ ನೋಡು ಹೇಗಾಗಿವೆ.

ಒಂದು ಕೇಳುತ್ತೇನೆ. ನಿನ್ನದೂ ಅದೇ ಗುಳಿಗೆ, ನನ್ನದೂ ಅದೇ. ನೀನು ಎದ್ದು ಓಡಾಡಿದೆ. ನಾನು ಯಾಕೆ ಇನ್ನೂ ಇಲ್ಲೇ ಇದ್ದೇನೆ? ಒಂದು ದಿನ ಛಲೋ ಇರುತ್ತದೆ, ಅಂಗಳ ಸಾರಿಸುತ್ತೇನೆ. ಮರುದಿನ ಸೆರಗು ಸರಿ ಮಾಡಿಕೊಳ್ಳುವುದೂ ಭಾರ. ಆಪರೇಶನ್ನಿನ ಜಾಗದ ನೋವು ಬೇರೆ. ಇದರ ಮೇಲೆ ಆರೋಗ್ಯ ಕೇಂದ್ರಕ್ಕೆ ಹೊಸ ಡಾಕ್ಟರು ಬಂದರು, ಹಳಬರಿಗೆ ಬದಲಿಯಾಯಿತು. ಹೊಸಬರು "ಕಾಯ ಹೋತಂಯ?" ಏನಾಗುತ್ತದೆ ಎಂದು ಮೊದಲಿನಿಂದ ಕೇಳಿದರು. ಎಲ್ಲವನ್ನೂ ಮತ್ತೆ ಹೇಳುವ ಶಕ್ತಿ ಇರಲಿಲ್ಲ. ಕೈಕಾಲು ಹರಿಯುತ್ತವೆ ಎಂದು ಹೇಳಿ ಎದ್ದು ಬಂದೆ. ಗುಳಿಗೆ ಮುಗಿಯುತ್ತ ಬಂದಿದೆ.

ಬಹುಶಃ ನನ್ನದು ವಾಸಿಯಾಗುವಂಥದಲ್ಲ.

ಗುರುಬಾಯಿ


ಸೋಲಾಪುರ
5 ಮೇ 2024

ವೈನಿ,

ನಿಮ್ಮ ಪ್ರಶ್ನೆಯನ್ನು ಸಾರಿಕಾ ಡಾಕ್ಟರಿಗೇ ಕೇಳಿದೆ. ಅವರು ಕಿಟಕಿಯ ಹೊರಗೆ ಕೂತವರ ಸಾಲು ತೋರಿಸಿದರು. ಅವರೊಳಗೆ ಇಂಥವರು ಬಹಳ ಮಂದಿ ಇದ್ದಾರಂತೆ. ಕೆಲವರು ಬೇಗ ಏಳುತ್ತಾರೆ, ಕೆಲವರು ನಿಧಾನ. ಕಾಯಿಲೆ ಹಳೆಯದಾಗಿದ್ದರೆ, ಮೈಯಲ್ಲಿ ಬೇರೆ ನೋವಿದ್ದರೆ, ಮನೆಯಲ್ಲಿ ಮಾತಾಡುವವರಿಲ್ಲದಿದ್ದರೆ ತಡವಾಗುತ್ತದೆ. ಡಾಕ್ಟರು ಬದಲಾದರೂ ಹಿಂದೆ ಬೀಳುತ್ತಾರೆ. "ತಡ ಅಂದ್ರೆ ಇಲ್ಲ ಅಂತ ಅಲ್ಲ" ಎಂದರು. ಗುಳಿಗೆಯ ಪ್ರಮಾಣ ಬದಲಿಸಬೇಕಾಗಬಹುದು, ನೋವಿಗೂ ಬೇರೆಯಾಗಿ ನೋಡಬೇಕು, ಅದನ್ನು ಹೊಸ ಡಾಕ್ಟರಿಗೆ ಹೇಳಿ ಎಂದರು.

ನಾನು ಬೇಗ ಎದ್ದೆ ಎನ್ನುತ್ತೀರಿ. ನನಗೆ ಹೋಗಲು ಕೆಲಸವಿತ್ತು, ಪಕ್ಕದ ಮಶೀನಿನಲ್ಲಿ ರತ್ನಾಬಾಯಿ ಇದ್ದಳು. ಬರೆಯಲು ನೀವಿದ್ದಿರಿ. ನಿಮಗೆ ಯಾರಿದ್ದರು? ನೀವು ದುರ್ಬಲರು ಎಂದಲ್ಲ ವೈನಿ. ನೀವು ಒಬ್ಬರೇ ಇದ್ದಿರಿ.

ಮತ್ತೆ ಮೊದಲಿನಿಂದ ಹೇಳುವುದು ಕಷ್ಟ. ಅಣ್ಣನನ್ನು ಈ ಸಲ ಒಳಗೆ ಕರೆದುಕೊಂಡು ಹೋಗಿ. ನಿಮಗೆ ಆಗದಿದ್ದರೆ ಅವನು ಹೇಳಲಿ.

ನನಗೂ ಇಲ್ಲಿ ಭಾನುವಾರಗಳು ಸಾಗುವುದಿಲ್ಲ. ವಾಸಿಯಾದವಳಿಗೂ ಭಾನುವಾರ ಇರುತ್ತದೆ.

ನಿಮ್ಮ ಛಾಯಾ


ಹೊಲದ ವಸ್ತಿ
21 ಜುಲೈ 2024

ಛಾಯಾ,

ನಿಮ್ಮಣ್ಣ ಒಳಗೆ ಬಂದರು. ಹೊಸ ಡಾಕ್ಟರು ನನ್ನನ್ನು ಕೇಳಿದರು, ನಾನು ಇವರ ಮುಖ ನೋಡಿದೆ. ಆಗ ಇವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ತಮ್ಮ ಮುರುಕು ಮರಾಠಿಯಲ್ಲಿ ಎಲ್ಲ ಹೇಳಿದರು. ಬಾವಿಯದನ್ನೂ. ನಡುವೆ ಮರಾಠಿ ಸಾಲದೆ ಕನ್ನಡಕ್ಕೆ ಬಂದರು, ಡಾಕ್ಟರು ತಡೆಯಲಿಲ್ಲ. ಇಷ್ಟು ವರ್ಷದಲ್ಲಿ ಅವರು ಒಮ್ಮೆಗೇ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಗುಳಿಗೆ ಹೆಚ್ಚು ಮಾಡಿದ್ದಾರೆ. ಹೊಟ್ಟೆಯ ನೋವಿಗೆ ಅಕ್ಕಲಕೋಟಕ್ಕೆ ಚೀಟಿ ಕೊಟ್ಟರು. ನರ್ಸಬಾಯಿ ವಾರಕ್ಕೊಮ್ಮೆ ವಸ್ತಿಗೆ ಬಂದು ಕೂತು ಹೋಗುತ್ತಾಳೆ. ಶುಭಂ ರಜೆ ಹಾಕಿ ಬಂದು ಹೋದ. ನನ್ನ ಕಾಲು ಒತ್ತುತ್ತ ಕೂತಿದ್ದ.

ಪೂರ್ತಿ ವಾಸಿಯಾಯಿತು ಎಂದು ಬರೆಯುವುದಿಲ್ಲ. ಕೆಲವು ಮುಂಜಾನೆ ಈಗಲೂ ಕೆಟ್ಟದಾಗಿರುತ್ತವೆ. ಮಳೆ ಹಿಡಿದ ದಿನ ಈ ಹೊಲದ ನಡುವೆ ಜಗತ್ತಿನಲ್ಲಿ ನಾನೊಬ್ಬಳೇ ಉಳಿದೆ ಅನ್ನಿಸುತ್ತದೆ. ಆದರೆ ಅದು ಸಂಜೆಯ ತನಕ ಇರುವುದಿಲ್ಲ.

ಮೊನ್ನೆ ನಡೆದದ್ದು ಹೇಳುತ್ತೇನೆ. ನಮ್ಮ ಎಮ್ಮೆ ಈದು ತಿಂಗಳಾಗಿತ್ತು. ಕರು ಬಡಕಲಾಗಿತ್ತು, ನಾನೇ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದೆ. ಮುಂಜಾನೆ ಹೋಗಿ ನೋಡಿದರೆ ಗೂಟ ಬರಿದಾಗಿದೆ. ನಿಮ್ಮಣ್ಣ ನನ್ನನ್ನು ಕೇಳದೆ ಕೆಳಗಿನ ಹೊಲದ ಅಮೃತಪ್ಪನಿಗೆ ಕೊಟ್ಟುಬಿಟ್ಟಿದ್ದರು. ನನಗೆ ತ್ರಾಸಾಗಬಾರದು ಎಂದು ಹಾಗೆ ಮಾಡಿದರಂತೆ.

ನನ್ನೊಳಗೆ ಎಲ್ಲಿತ್ತೋ ಛಾಯಾ, ಅಂಗಳದ ನಡುವೆ ನಿಂತು ಬಾಯಿ ಮಾಡಿದೆ. "ಕೇಳೂ ಪದ್ಧತಿ ಇಲ್ಲೇನ್ರಿ ಈ ಮನ್ಯಾಗ? ಅದರ ಬಾಯಾಗ ಹಾಲು ಹಾಕಿದಾಕಿ ನಾನು! ನನ್ನ ಒಂದ್ ಮಾತ ಕೇಳಿದ್ರ ನಿಮ್ಮ ನಾಲಿಗಿ ಸವೀತಿತ್ತೇನು? ನನಗ ಏನ್ ಬೇಕು, ಏನ್ ಬ್ಯಾಡ ಅಂತ ನೀವ ಯಾಕ ಹೇಳ್ತೀರಿ?" ಇನ್ನೂ ಏನೇನೋ ಅಂದೆ. ಊರು ಬಿಟ್ಟು ಈ ಹೊಲಕ್ಕೆ ತಂದು ಹಾಕಿದ್ದನ್ನೂ ಎತ್ತಿ ಆಡಿದೆ. ಹಣಮವ್ವ ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲಿಗೆ ಬಂದು ನಿಂತಳು.

ನಿಮ್ಮಣ್ಣ ಕೈಯಲ್ಲಿ ಬಕೇಟು ಹಿಡಿದು ಹಾಗೇ ನಿಂತಿದ್ದರು. ಬಕೇಟು ಕೆಳಗಿಟ್ಟು ಸೀದಾ ಅಮೃತಪ್ಪನ ಹೊಲಕ್ಕೆ ನಡೆದರು, ಕರುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಗೂಟಕ್ಕೆ ಕಟ್ಟಿದರು. ಆಮೇಲೆ ಕಟ್ಟೆಯ ಮೇಲೆ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡರು. ಹೆಗಲು ಅಲುಗುತ್ತಿದ್ದವು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಒಳಗೆ ಹೋಗಿ ಚಹಾ ಮಾಡಿ ತಂದು ಪಕ್ಕದಲ್ಲಿಟ್ಟೆ.

ಮುಖದ ಮೇಲಿನ ಟವೆಲ್ ತೆಗೆಯದೆಯೇ, "ಇನ್ನೊಂದೀಟ್ ಬೈ," ಎಂದರು.

ನಿನ್ನ ವೈನಿ
ಗುರುಬಾಯಿ